ನಾಲ್ಕು ಗಂಟಿನ ಪೆನಾಲ್ಟಿ ಚುಕ್ಕಿ

ನಾನು ರಿಟೈರ್ ಆಗುವುದಕ್ಕೆ ಒಂದು ವರ್ಷ ಮುಂಚಿನ ಮಾತು. ನ್ಯಾಮತಿ ತಾಲ್ಲೂಕಿನಲ್ಲಿ, ಸವಳಂಗಕ್ಕೆ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ಅಟೆಂಡರ್. ಓದಿದ್ದು ನಾಲ್ಕನೇ ಕ್ಲಾಸು, ನನ್ನ ಕಾಲಕ್ಕೆ ಅಷ್ಟು ಸಾಕಾಗಿತ್ತು. ಬೀಗ ತೆಗೆಯುವುದು, ಬೆಲ್ ಹೊಡೆಯುವುದು, ಟಪಾಲು ಒಯ್ಯುವುದು, ಆಟಗಳಿದ್ದಾಗ ಮೈದಾನಕ್ಕೆ ಸುಣ್ಣದ ಗೆರೆ ಹಾಕುವುದು, ಹಿಂಗೆ ಮೂವತ್ತೊಂದು ವರ್ಷ ಕಳೆದಿದ್ದೆ.

ನಮ್ಮ ಶಾಲೆಯಲ್ಲಿ ಹುಡುಗಿಯರ ಫುಟ್ಬಾಲ್ ಟೀಮ್ ಇತ್ತು. ಅದರಲ್ಲಿ ಹತ್ತನೇ ನಂಬರ್ ಅಂಗಿ ಯಾರದ್ದು ಅಂತೀರಿ? ನನ್ನ ಮಗನ ಮಗಳು ರಕ್ಷಿತಾಳದ್ದು! ಹೇಳಿಕೊಳ್ಳಾಕೆ ನಾಚಿಕೆ ಏನು, ಆ ಹುಡುಗಿ ಚೆಂಡಿನ ಹಿಂದೆ ಓಡಿದರೆ ನನ್ನ ಎದೆಯೂ ಅದರ ಹಿಂದೆ ಓಡುತ್ತಿತ್ತು. ಆದರೆ ಆ ಓಟ ನೋಡಿದ್ದೆಲ್ಲ ಸಂಜೆ ಪ್ರಾಕ್ಟೀಸಿನಲ್ಲಿ ಮಾತ್ರ. ಮ್ಯಾಚುಗಳು ಹೊನ್ನಾಳಿಯಲ್ಲೋ ಚನ್ನಗಿರಿಯಲ್ಲೋ ಆಗುತ್ತಿದ್ದವು. ಟೀಮ್ ಹೋದರೂ ಶಾಲೆ ನಡೆಯಬೇಕಲ್ಲ, ಬೆಲ್ ಹೊಡೆಯುವವನು ನಾನೇ ಅಲ್ಲವೆ. ಪಿಟಿ ಮೇಷ್ಟ್ರು ಸ್ಟಾಫ್ ರೂಮಿಗೆ ಫೋನ್ ಮಾಡಿ ಎಷ್ಟು ಗೋಲು ಅಂತ ಹೇಳುತ್ತಿದ್ದರು. ಮೂರು ವರ್ಷ ನಾನು ನನ್ನ ಟೀಮಿನ ಆಟವನ್ನು ಕಿವಿಯಲ್ಲೇ ನೋಡಿದೆ.

ಆ ವರ್ಷ ಜಿಲ್ಲೆಯ ಶಾಲೆಗಳ ಫೈನಲ್ ನಮ್ಮ ಮೈದಾನದಲ್ಲೇ ಅಂತ ಪತ್ರ ಬಂತು. ಎದುರಿಗೆ ಜಗಳೂರು ಕಡೆಯ ಒಂದು ಶಾಲೆ. ಆಟ ನೋಡಿ ಜಿಲ್ಲಾ ಟೀಮಿಗೆ ಹುಡುಗಿಯರನ್ನು ಆರಿಸುತ್ತಾರಂತೆ. ಆ ವಾರ ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಟೀ ಅಂಗಡಿಯಲ್ಲಿ ಕಂಡಕಂಡವರಿಗೆ, "ಬರ್ರಿ, ನಮ್ ಹುಡುಗಿ ಆಟ ನೋಡಾಕೆ ಬರ್ರಿ" ಅಂತ ಕರೆದೆ.

ಈಗ ಗೆರೆಯ ವಿಷಯ ಸ್ವಲ್ಪ ಹೇಳಬೇಕು. ಗೋಲಿನ ಮುಂದೆ ಒಂದು ಸಣ್ಣ ಚೌಕ, ಒಂದು ದೊಡ್ಡ ಚೌಕ, ನಡುವೆ ಒಂದು ಚುಕ್ಕಿ ಇರುತ್ತವೆ. ದೊಡ್ಡ ಚೌಕದೊಳಗೆ ಎದುರಾಳಿ ಬೀಳಿಸಿದರೆ ಆ ಚುಕ್ಕಿಯ ಮೇಲೆ ಚೆಂಡಿಟ್ಟು ಹೊಡೆಯುತ್ತಾರೆ, ಅದೇ ಪೆನಾಲ್ಟಿ. ಗೋಲಿನ ಗೆರೆಯಿಂದ ಸಣ್ಣ ಚೌಕ ಹದಿನೆಂಟು ಅಡಿ, ಚುಕ್ಕಿ ಮೂವತ್ತಾರು, ದೊಡ್ಡ ಚೌಕ ಐವತ್ನಾಲ್ಕು ಅಂತ ಪಿಟಿ ಮೇಷ್ಟ್ರು ಚೀಟಿ ಬರೆದುಕೊಟ್ಟರು. ಶಾಲೆಯ ಟೇಪು ಮೊದಲೇ ಹರಿದು ಹೋಗಿತ್ತು. ಚೀಟಿ ನೋಡುತ್ತಾ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ನಮ್ಮ ಕಡೆ ಅಡಿಕೆ ಸಸಿ ನೆಡಾಕೆ ಒಂಬತ್ತು ಅಡಿಗೊಂದು ಗಂಟು ಹಾಕಿದ ಹಗ್ಗ ಇರುತ್ತದೆ. ಎರಡು ಗಂಟು ಹದಿನೆಂಟು, ನಾಲ್ಕು ಗಂಟು ಮೂವತ್ತಾರು, ಆರು ಗಂಟು ಐವತ್ನಾಲ್ಕು. ದೇವರು ಫುಟ್ಬಾಲನ್ನು ನಮ್ಮ ಹಗ್ಗ ನೋಡಿಯೇ ಮಾಡಿದ್ದಾನೆ ಅಂದುಕೊಂಡೆ!

ಮಗಳನ್ನು ಕೊಟ್ಟ ಮನೆ ಕೆರೆಬಿಳಚಿ. ಭಾನುವಾರ ಅಲ್ಲಿಗೆ ಹೋದಾಗ ಬೀಗರ ಹಗ್ಗ ಇಸಕೊಂಡು ಬಂದೆ. ಎರಡೂ ಕಡೆಯ ಗೋಲಿಗೂ ಅದೇ ಹಗ್ಗ ಹಿಡಿದು, ಗಂಟು ಎಣಿಸಿ, ಸುಣ್ಣ ಹಾಕಿದೆ. ಮೇಷ್ಟ್ರು ಬಂದು ನೋಡಿ, "ಭಾರಿ ಚೆಂದ ಬಂದಿದಾವಲ್ಲ ಹಾಲಪ್ಪ" ಅಂದರು.

ಮ್ಯಾಚಿನ ದಿನ ಹೆಡ್ ಮೇಡಂ ನನಗೆ ಗೆರೆಯ ಪಕ್ಕದಲ್ಲೇ ಕೊಡಪಾನ ಕೊಟ್ಟು ನೀರಿನ ಡ್ಯೂಟಿ ಹಾಕಿದರು. ಅವರಿಗೆ ಪುಣ್ಯ ಬರಲಿ. ಪ್ರಾಕ್ಟೀಸೇ ಬೇರೆ, ಮ್ಯಾಚೇ ಬೇರೆ. ಹನ್ನೊಂದು ಹುಡುಗಿಯರು ಒಬ್ಬರ ಹೆಸರು ಒಬ್ಬರು ಕೂಗುತ್ತಾ ಒಂದೇ ಮೈಯಾಗಿ ಓಡುತ್ತಿದ್ದರು. ರಕ್ಷಿತಾ ಇಬ್ಬರನ್ನು ದಾಟಿ ಚೆಂಡು ತಂದಾಗ ನಾನು ಕೊಡಪಾನ ಕೈಬಿಟ್ಟು ಕುಣಿದೆ. "ಯಜಮಾನ್ರೇ, ನೀರು ಹುಡುಗೀರಿಗೋ ಹುಲ್ಲಿಗೋ?" ಅಂತ ಯಾರೋ ನಕ್ಕರು. ನಗಲಿ ಬಿಡ್ರಿ ಅಂದುಕೊಂಡೆ. ಅಷ್ಟು ಸುಖ ನನ್ನ ಮದುವೆಯ ದಿನವೂ ಪಟ್ಟಿರಲಿಲ್ಲ.

ಜಗಳೂರಿನವರು ಒಂದು ಗೋಲು ಹೊಡೆದರು. ಮುಗಿಯಲು ಐದು ನಿಮಿಷ ಇದ್ದಾಗ ನಮ್ಮ ಹುಡುಗಿಯೊಬ್ಬಳನ್ನು ದೊಡ್ಡ ಚೌಕದೊಳಗೆ ಬೀಳಿಸಿದರು. ಪೆನಾಲ್ಟಿ. ರಕ್ಷಿತಾ ಚೆಂಡಿಟ್ಟಳು, ಹೊಡೆದಳು, ಗೋಲ್! ಮೈದಾನವೆಲ್ಲ ಕೂಗಿತು.

ಜಗಳೂರಿನ ಗೋಲ್ ಕೀಪರ್ ಹುಡುಗಿ ಮಾತ್ರ, "ಸಾರ್, ಚುಕ್ಕಿ ಭಾಳ ಹತ್ರ ಐತೆ" ಅಂತ ಅಳು ದನಿಯಲ್ಲಿ ಹೇಳಿದಳು. ಅವರ ಮೇಷ್ಟ್ರ ಬ್ಯಾಗಿನಲ್ಲಿ ಟೇಪಿತ್ತು. ಅಳೆದರು. ಮೂವತ್ತೆರಡು ಅಡಿ. ರೆಫ್ರಿ ಗೋಲು ರದ್ದು ಮಾಡಿ, ನಾಲ್ಕು ಅಡಿ ಹಿಂದೆ ಬೇರೆ ಚುಕ್ಕಿ ಇಡಿಸಿದರು.

"ಗೆರೆ ಹಾಕಿದೋರು ಯಾರ್ರೀ?" ಅಂತ ಅವರ ಮೇಷ್ಟ್ರು ಕೇಳಿದರು. ಜನರೊಳಗಿಂದ ಒಬ್ಬ ಕೂಗಿದ. "ಇನ್ಯಾರು, ಆ ಹುಡುಗಿ ಅಜ್ಜನೇ! ಮೊಮ್ಮಗಳ ಕಾಲು ನೋಯ್ತಾವೆ ಅಂತ ಹತ್ರ ಇಟ್ಟಾನೆ!" ಎಲ್ಲರೂ ನಕ್ಕರು. ನಾನೇ ಟೀ ಅಂಗಡಿಯಿಂದ ಕರೆತಂದವರೂ ನಕ್ಕರು.

ಹೆಡ್ ಮೇಡಂ ಕರೆದರು. "ಏನ್ರೀ ಹಾಲಪ್ಪ ಇದು?"

"ತಪ್ಪಾಯ್ತು ಮೇಡಂ" ಅಂದೆ.

ಅಟೆಂಡರ್ ಕೆಲಸದಲ್ಲಿ ಕಲಿತ ಮೊದಲ ಮಾತೇ ಅದು. ಬೆಲ್ ಒಂದು ನಿಮಿಷ ತಡವಾದರೂ ತಪ್ಪಾಯ್ತು, ಸಾಹೇಬರು ತಾವೇ ಕಳೆದ ಫೈಲು ಸಿಗದಿದ್ದರೂ ತಪ್ಪಾಯ್ತು. ಕೈಕಟ್ಟಿ ಹಂಗಂದರೆ ಬೈಗುಳ ಬೇಗ ಮುಗಿಯುತ್ತದೆ. ಆವತ್ತು ನನ್ನ ಬಾಯಿ ಅಭ್ಯಾಸದ ಮೇಲೆ ಹೋಯಿತು. ಜಗಳೂರಿನ ಮೇಷ್ಟ್ರು, "ಒಪ್ಪಿಕೊಂಡರಲ್ಲ, ಇನ್ನೇನು" ಅಂದರು. ಆಚೆ ಗೋಲಿನ ಚುಕ್ಕಿಯೂ ಅದೇ ಹಗ್ಗದ್ದು, ಅದೂ ಅಷ್ಟೇ ಹತ್ತಿರ ಇರಬೇಕು ಅಂತ ನನಗೆ ಆ ಕ್ಷಣವೇ ಗೊತ್ತಾಗಿತ್ತು. ಅದನ್ನೂ ಅಳೆಯಿರಿ ಅಂದಿದ್ದರೆ ಬೇಕಂತಲೇ ಮಾಡಿದ್ದಲ್ಲ ಅಂತ ಎಲ್ಲರಿಗೂ ತಿಳಿಯುತ್ತಿತ್ತು. ಯಾರೂ ಕೇಳದೆ ಮಾತಾಡಿ ಅಭ್ಯಾಸವಿಲ್ಲ, ಕೈಕಟ್ಟಿ ನಿಂತೇ ಇದ್ದೆ.

ರಕ್ಷಿತಾ ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಹೊಸ ಚುಕ್ಕಿಯಿಂದ ಹೊಡೆದಳು. ಚೆಂಡು ಅಡ್ಡಕಂಬದ ಮೇಲಿಂದ ಹಾರಿ ಹೋಯಿತು. ಸೋತೆವು.

ಮನೆಗೆ ಬಂದು ಬೀಗರಿಗೆ ಫೋನ್ ಮಾಡಿದೆ. "ಅಯ್ಯೋ, ಅದು ಎಂಟಡೀದು ಬೀಗರೇ. ಹೊಸ ತೋಟಕ್ಕೆ ಒತ್ತಾಗಿ ಹಾಕೋಣ ಅಂತ ಗಂಟು ಬದಲಾಯಿಸಿದ್ದೆ. ನೀವು ಕೇಳಲೇ ಇಲ್ಲವಲ್ಲ!" ಅಂದರು. ಪಕ್ಕದಲ್ಲಿ ಕೂತು ಶೂ ಬಿಚ್ಚುತ್ತಿದ್ದ ರಕ್ಷಿತಾ ಕೇಳಿಸಿಕೊಂಡಳು.

"ಅಂದ್ರೆ ಆ ಕಡೆ ಚುಕ್ಕಿನೂ ಹತ್ರಾನೇ ಇತ್ತೇನಜ್ಜ?"

"ಇತ್ತವ್ವಾ."

"ಮತ್ತೆ ಅದನ್ನೂ ಅಳೀರಿ ಅನ್ನಾಕೆ ಏನಾಗಿತ್ತು ನಿನಗೆ?"



ಮರುದಿನ ಬೆಳಿಗ್ಗೆ ಗಾರೆ ಕೆಲಸದವರ ಟೇಪು ತಂದು ಆಚೆ ಕಡೆಯನ್ನೂ ಅಳೆದೆ. ಮೂವತ್ತೆರಡೇ. ಹೆಡ್ ಮೇಡಂ ಅವರನ್ನು ಕರೆತಂದು ತೋರಿಸಿದೆ. ನೋಡಿದರು. "ಆಯ್ತು ಬಿಡಿ ಹಾಲಪ್ಪ, ಮುಗಿದು ಹೋಯ್ತಲ್ಲ" ಅಂದರು. ವಾರದ ಮೇಲೆ ಜಿಲ್ಲಾ ಟೀಮಿನ ಪಟ್ಟಿ ಬಂತು. ಟಪಾಲು ತಂದವನು ನಾನೇ. ನಮ್ಮ ಶಾಲೆಯ ಇಬ್ಬರ ಹೆಸರಿತ್ತು, ಅವಳದಿರಲಿಲ್ಲ. ಪಿಟಿ ಮೇಷ್ಟ್ರು ನನ್ನ ಮುಖ ನೋಡದೆ ಹೇಳಿದರು. "ಆಟಕ್ಕೇನೂ ಕಡಿಮೆ ಇಲ್ಲಪ್ಪ. ಸುಮ್ಮನೆ ಮಾತು ಬರೋದು ಬೇಡ ಅಂತ ಆರಿಸೋರು ಅಂದ್ರು."

ಈಗ ಅವಳು ಚನ್ನಗಿರಿಯಲ್ಲಿ ಕಾಲೇಜು ಓದುತ್ತಾಳೆ, ಅಲ್ಲಿಯೂ ಆಡುತ್ತಾಳೆ. ನಾನು ರಿಟೈರ್ ಆದವನು, ಬಸ್ಸು ಹತ್ತಿ ಒಂದು ಮ್ಯಾಚೂ ಬಿಡದೆ ಹೋಗುತ್ತೇನೆ. ಅವಳು ಓಡಿದರೆ ಈಗಲೂ ಕುಣಿಯುತ್ತೇನೆ. ಊರಿನವರು ನನ್ನನ್ನು ಚುಕ್ಕಿ ಅಜ್ಜ ಅನ್ನುತ್ತಾರೆ, ಅದನ್ನು ನುಂಗಿಕೊಂಡಿದ್ದೇನೆ. ಆದರೆ ಪೆನಾಲ್ಟಿ ಬಂದಾಗ ಅವಳು ಚೆಂಡು ಬೇರೆಯವರ ಕೈಗೆ ಕೊಟ್ಟು ದೂರ ಹೋಗಿ ನಿಲ್ಲುತ್ತಾಳೆ. ಅದನ್ನು ನುಂಗಾಕೆ ಆಗುವುದಿಲ್ಲ.

ತಪ್ಪಾಯ್ತು ಅನ್ನುವುದೇ ಮರ್ಯಾದೆ ಅಂತ ಮೂವತ್ತೊಂದು ವರ್ಷ ನಂಬಿದ್ದೆ. ಏನು ತಪ್ಪಾಯ್ತು ಅಂತ ಬಿಡಿಸಿ ಹೇಳದಿದ್ದರೆ ಕೇಳಿದವರು ತಮಗೆ ಬೇಕಾದ ತಪ್ಪನ್ನು ಅದರೊಳಗೆ ತುಂಬುತ್ತಾರೆ. ಶಾಲೆಗೆ ಹೊಸದಾಗಿ ಬಂದಿರುವ ಅಟೆಂಡರಿಗೆ ಇದನ್ನೇ ಹೇಳಿದೆ. ಅವನು ಎದ್ದು ನಿಂತು, ಕೈಕಟ್ಟಿ, "ಹೂಂ ಸಾರ್, ತಪ್ಪಾಯ್ತು" ಅಂದ.