ಮೇಡಂ ಉಂಡ ಚೌಕಗಳು

ಮದುವೆಯಾದ ಮೇಲೆ ಎಂ.ಎಸ್ಸಿ. ಓದುತ್ತೇನೆ ಅಂದಾಗ ನಮ್ಮತ್ತೆ ಬೇಡ ಅನ್ನಲಿಲ್ಲ. ಒಂದೇ ಒಂದು ಕರಾರು ಹಾಕಿದರು: ಎರಡು ವರ್ಷ ಅಂದರೆ ಎರಡೇ ವರ್ಷ. ಅದು ಮುಗಿದ ಮಾರನೆಯ ದಿನದಿಂದ ಸೀಮೆ ಹಸುಗಳು ನನ್ನ ಪಾಲಿಗೆ. ನಡುವೆ ಏನಾದರೂ ಎಡವಟ್ಟಾದರೆ ಪುಸ್ತಕಗಳು ಅಟ್ಟಕ್ಕೆ, ನಾನು ಕೊಟ್ಟಿಗೆಗೆ. ನಮ್ಮತ್ತೆಯ ಮಾತು ಬಂಗಾರಪೇಟೆಯ ಪ್ಯಾಸೆಂಜರ್ ರೈಲಿನಂಥದಲ್ಲ, ತಡವಾಗುವುದಿಲ್ಲ.

ನಾನು ಓದುತ್ತಿದ್ದದ್ದು ಸಸ್ಯಶಾಸ್ತ್ರ. ಕೊನೆಯ ವರ್ಷ ಜೀವವೈವಿಧ್ಯವನ್ನು ಅಳೆಯುವ ಒಂದು ಕೆಲಸ ಮಾಡಬೇಕಿತ್ತು. ಕೋರಮಂಡಲ್ ಗಣಿಯಲ್ಲಿ ಚಿನ್ನ ತೆಗೆದು ಮಿಕ್ಕ ಮಣ್ಣು ಸುರಿದ ಸೈನೈಡ್ ದಿಬ್ಬದ ಬುಡದಲ್ಲಿ ಕೆಲವು ಚೌಕ, ನಮ್ಮ ರಾಗಿ ಹೊಲದ ಬದುವಿನ ಮೇಲೆ ಕೆಲವು ಚೌಕ. ಒಂದೊಂದೂ ಮೀಟರ್ ಉದ್ದ, ಮೀಟರ್ ಅಗಲ. ನಾಲ್ಕು ಮೂಲೆಗೆ ಗೂಟ ಹೊಡೆದು ಸುತ್ತ ದಾರ ಕಟ್ಟಿದರೆ ಆಯಿತು. ಒಳಗೆ ಎಷ್ಟು ಬಗೆಯ ಗಿಡಗಳಿವೆ, ಒಂದೊಂದು ಬಗೆಯದೂ ಎಷ್ಟೆಷ್ಟಿವೆ ಅಂತ ಮಳೆಗೆ ಮುಂಚೆ ಒಮ್ಮೆ, ಮಳೆ ಹಿಡಿದಾಗ ಒಮ್ಮೆ ಎಣಿಸಬೇಕು.

ಬರೀ ಬಗೆ ಎಣಿಸಿದರೆ ಸಾಲದೇ ಅಂತ ನನ್ನ ಗಂಡ ಕೇಳಿದ. ಅವನು ದಿನಾ ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಬರುವವನು, ಅದಕ್ಕೆ ರೈಲಿನ ಲೆಕ್ಕದಲ್ಲೇ ಹೇಳಿದೆ. ಒಂದು ಬೋಗಿಯಲ್ಲಿ ಹೂವಿನವರು, ಗಾರ್ಮೆಂಟ್ಸಿನವರು, ಆಫೀಸಿನವರು, ಕಡಲೆಕಾಯಿ ಮಾರುವವರು ಎಲ್ಲ ಅಷ್ಟಷ್ಟು ಇದ್ದಾರೆ. ಇನ್ನೊಂದು ಬೋಗಿಗೆ ಮದುವೆ ದಿಬ್ಬಣ ಹತ್ತಿದೆ, ಉಳಿದವರು ಬಗೆಗೊಬ್ಬರಂತೆ ಬಾಗಿಲಲ್ಲಿ ಒಂಟಿ ಕಾಲಲ್ಲಿ ನಿಂತಿದ್ದಾರೆ. ಬಗೆಗಳ ಲೆಕ್ಕ ಎರಡರಲ್ಲೂ ಒಂದೇ ಇರಬಹುದು, ವೈವಿಧ್ಯ ಮಾತ್ರ ಒಂದೇ ಅಲ್ಲ. ಯಾವುದು ಎಷ್ಟು ಸಮನಾಗಿ ಹಂಚಿದೆ ಅನ್ನುವುದನ್ನೂ ಸೇರಿಸಿ ಲೆಕ್ಕ ಹಾಕಬೇಕು. ದಿಬ್ಬದ ಬುಡದ್ದು ದಿಬ್ಬಣದ ಬೋಗಿ, ಒಂದೇ ಜಾತಿಯ ಹುಲ್ಲಿನದೇ ದರ್ಬಾರು. ನಮ್ಮ ಬದು ಮೊದಲನೆಯ ಬೋಗಿ.

ಅತ್ತೆಗೆ ಇದು ನಾಚಿಕೆಯ ವಿಷಯವಾಗಿತ್ತು. ಅವರು ಕಳೆ ಕಂಡರೆ ಬಗ್ಗದೆ ಮುಂದೆ ಹೋದವರೇ ಅಲ್ಲ. ಬೇರೆಯವರ ಹೊಲದಲ್ಲಿ ಮಾತಾಡುತ್ತ ನಿಂತರೂ ಕೈ ತಾನಾಗಿ ಕಳೆ ಕೀಳುತ್ತಿರುತ್ತದೆ. ಅಂಥವರ ಸೊಸೆ ದಾರ ಕಟ್ಟಿ ಕಳೆ ಕಾಯುತ್ತಾಳೆ!

"ಊರೋರೆಲ್ಲ ಕೇಳ್ತಾವ್ರೆ ಕಣಮ್ಮಯ್ಯಾ, ನಿನ್ ಸೊಸೆ ಕಳೆ ಬೆಳೀತಾವ್ಳಂತಲ್ಲಾ ಅಂತ. ಏನಂತ ಏಳ್ಲಿ?"

"ಓದ್ತಾವ್ಳೆ ಅನ್ನಿ ಅತ್ತೆ."

"ಕಳೆ ನೋಡಾಕೂ ಓದ್ಬೇಕಾ?"

ಆದರೆ ಆ ಬದುವಿನ ಬೆರಕೆ ಸೊಪ್ಪು ಅಂದರೆ ಅತ್ತೆಗೆ ಪ್ರಾಣ. ಮಳೆ ಬಿದ್ದು ಅಣ್ಣೆ, ಗಣಿಕೆ, ಗೋಣಿ, ಹೊನಗೊನೆ ಎಲ್ಲ ಒಟ್ಟಿಗೆ ಎದ್ದರೆ, ಮಡಿಲು ತುಂಬ ಕಿತ್ತು ತಂದು ಬೇಳೆ ಜೊತೆ ಬೇಯಿಸಿ ಮಸೆದು ಮಸ್ಸೊಪ್ಪು ಮಾಡುತ್ತಾರೆ. ಹುಟ್ಟಿದಾಗಿನಿಂದ ಒಂದು ಕಟ್ಟು ಸೊಪ್ಪನ್ನೂ ಕೊಂಡವರಲ್ಲ. "ದುಡ್ ಕೊಟ್ಟು ಸೊಪ್ ತಿನ್ನೋದು ಪ್ಯಾಟೆಯೋರ ಅಣೇಬರಾ" ಅನ್ನುವುದು ಅವರ ಖಾಯಂ ಮಾತು.

ಮಳೆ ಹಿಡಿಯಿತು. ಎರಡನೆಯ ಎಣಿಕೆಗೆ ನನ್ನ ಮೇಡಮ್ಮೇ ಬರುತ್ತೇನೆ ಅಂದರು. ದೊಡ್ಡ ಕಾಲೇಜಿನ ಮೇಡಂ ನಮ್ಮ ಹಳ್ಳಿಗೆ ಬರುವುದೆಂದರೆ ಸುಮ್ಮನೆಯೇ? ಅವರನ್ನು ಕರೆತರಲು ನಾನು ಬೆಳಿಗ್ಗೆಯೇ ಬಂಗಾರಪೇಟೆ ಸ್ಟೇಷನ್ನಿಗೆ ಹೋದೆ. ರೈಲು ತನ್ನ ಪದ್ಧತಿ ಬಿಡದೆ ತಡವಾಗಿ ಬಂತು. ನಾವು ಮನೆ ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ಹೊಲಕ್ಕೆ ಹೋಗಿ ಬರೋಣ ಅಂದರೆ ಅತ್ತೆ ಬಾಗಿಲಿಗೇ ಅಡ್ಡ ನಿಂತರು.

"ಬಿಸಿ ಮುದ್ದೆ ಆರೋಗ್ತದೆ. ಉಂಡ್ಕೊಂಡೇ ಓಗ್ಬೇಕು ಮೇಡಮ್ಮಾ."

ಮೇಡಂ ಉಂಡರು. ಉಂಡರು ಅಂದರೆ, ಮುದ್ದೆಯನ್ನು ಎರಡನೆಯ ಸಲ ಹಾಕಿಸಿಕೊಂಡು, ಮಸ್ಸೊಪ್ಪನ್ನು ಮೂರನೆಯ ಸಲ ಬಡಿಸಿಕೊಂಡು, ತಟ್ಟೆಯ ಅಂಚನ್ನು ಬೆರಳಲ್ಲಿ ಸವರಿ ಉಂಡರು. "ಇಂಥ ರುಚಿ ಎಲ್ಲೂ ಕಂಡಿಲ್ಲಮ್ಮ" ಅಂದರು. ಅತ್ತೆ ಸೆರಗಿನಲ್ಲಿ ನಗು ಒರೆಸಿಕೊಂಡರು. ನನಗೂ ಹೆಮ್ಮೆಯಾಯಿತು. ಆ ಹೆಮ್ಮೆ ಹೊಲದ ತನಕ ಇತ್ತು.

ಬದುವಿನ ಮೇಲೆ ಚೌಕಗಳಿದ್ದವು. ಗೂಟಗಳಿದ್ದವು, ದಾರವಿತ್ತು. ಒಳಗೆ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ನುಣ್ಣಗೆ ಸಗಣಿ ಸಾರಿಸಿ, ಒಂದೊಂದು ಚೌಕದಲ್ಲೂ ಒಂದೊಂದು ರಂಗೋಲಿ ಬಿಡಿಸಿ, ನಡುವೆ ಚೆಂಡುಹೂವು ಇಟ್ಟಿತ್ತು. ದಾರಿಯಲ್ಲಿ ಹೋಗುವವರು ಚಪ್ಪಲಿ ಬಿಟ್ಟು ಕೈಮುಗಿದು ಹೋಗುವ ಹಾಗಿತ್ತು.

ನನಗೆ ಅಳು ಬಂತು. ಹಿಂದೆಯೇ ಬಂದಿದ್ದ ಅತ್ತೆಯ ಮುಖ ಮಾತ್ರ ಅರಳಿತ್ತು.

"ಮೇಡಮ್ಮನೋರು ನೋಡಾಕ್ ಬರ್ತಾವ್ರೆ, ಅಂಗೇ ಕಳೆ ಬುಟ್ರೆ ನಾಕ್ ಜನ ಏನಂತಾರೆ? ಅದ್ಕೇ ಒಂದೀಟು ಚೆಂದ ಮಾಡ್ದೆ."

"ಕಿತ್ತ ಗಿಡಗಳೆಲ್ಲಿ ಅತ್ತೆ?" ಅಂದೆ.

"ತಿನ್ನೋ ಸೊಪ್ಪು ಸಾರಿಗಾಕ್ದೆ. ಮಿಕ್ಕಿದ್ದು ಅಸೂಗಾಕ್ದೆ. ಒಂದು ಎಲೇನೂ ದಂಡ ಮಾಡ್ಲಿಲ್ಲ ಕಣವ್ವಾ."

ಮೇಡಂ ತಮ್ಮ ಬಲಗೈಯನ್ನು ಒಮ್ಮೆ ನೋಡಿಕೊಂಡರು. ಇನ್ನೂ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಇತ್ತು. "ಅಂದರೆ ಅರ್ಧ ಜೀವವೈವಿಧ್ಯ ನನ್ನ ಹೊಟ್ಟೆಯಲ್ಲಿದೆ, ಅರ್ಧ ಹಸುವಿನ ಹೊಟ್ಟೆಯಲ್ಲಿದೆ" ಅಂದರು. ಮೂರು ಸಲ ಬಡಿಸಿಕೊಂಡವರು ಇನ್ನೇನು ಬೈದಾರು? ನಗತೊಡಗಿದರು, ಬದುವಿನ ಮೇಲೆ ಕೂತೇ ನಕ್ಕರು. ನಾನು ಮಾತ್ರ ನಗಲಿಲ್ಲ.

ನಕ್ಕು ಸಾಕಾದ ಮೇಲೆ ನಿಜ ಹೇಳಿದರು. ಮಳೆಗಾಲದ ಲೆಕ್ಕವಿಲ್ಲದೆ ಪ್ರಬಂಧ ಬರೆದು ಕೊಡುವಂತಿಲ್ಲ. ಮುಂದಿನ ಮಳೆಗಾಲದಲ್ಲಿ ಮತ್ತೆ ಎಣಿಸಬೇಕು, ಅಲ್ಲಿಯವರೆಗೆ ಆ ಬದುವಿನಿಂದ ಯಾರೂ ಒಂದು ಎಲೆ ಕೀಳಬಾರದು. ಅಂದರೆ ಇನ್ನೂ ಒಂದು ವರ್ಷ. ಅತ್ತೆ ನಗು ನಿಲ್ಲಿಸಿ ಎಲ್ಲ ಕೇಳಿಸಿಕೊಂಡರು. ಚೆಂಡುಹೂವುಗಳನ್ನು ಆರಿಸಿ ಮಡಿಲಿಗೆ ಹಾಕಿಕೊಂಡು ಮನೆಗೆ ಹೊರಟುಹೋದರು.

ಕರಾರಿನ ಪ್ರಕಾರ ನಾನು ಕೊಟ್ಟಿಗೆಗೆ ಹೋಗಬೇಕಾದವಳು. ಕೇಳಲು ಧೈರ್ಯವಿಲ್ಲದೆ, ಅವರು ಹೇಳುವ ಮೊದಲೇ ಪುಸ್ತಕಗಳನ್ನು ಗೋಣಿಚೀಲಕ್ಕೆ ತುಂಬಿ ಅಟ್ಟದ ಏಣಿಯ ಬುಡದಲ್ಲಿಟ್ಟೆ. ಅತ್ತೆ ಕೆಲವು ದಿನ ಆ ಚೀಲವನ್ನು ದಾಟಿಕೊಂಡೇ ಓಡಾಡಿದರು.

ಸಂತೆಯ ದಿನ ಬಂಗಾರಪೇಟೆಗೆ ಹೋದವರು ಸಂಜೆ ಬಸ್ಸಿಳಿದು ಹಿತ್ತಲ ದಾರಿಯಿಂದ ಒಳಗೆ ಬಂದರು. ಮುಂಬಾಗಿಲಿದ್ದೂ ಹಿತ್ತಲಿಂದ ಯಾಕೆ ಅಂತ ನೋಡಿದರೆ, ಸೆರಗಿನಡಿ ಏನೋ ಬಚ್ಚಿಟ್ಟಿದ್ದಾರೆ. ಅಡುಗೆಮನೆಗೆ ಬಂದು ಕದ ಮುಂದೆ ಮಾಡಿ ಹೊರತೆಗೆದರು. ಬಾಳೆನಾರಿನಲ್ಲಿ ಕಟ್ಟಿದ ಸೊಪ್ಪು, ಪೇಟೆಯದು.

"ಯಾರ್ಗೂ ಏಳ್ಬ್ಯಾಡ" ಅಂದರು. "ಆ ಬದೂಗೆ ಬರೋ ಮಳೆವರ್ಗೂ ನಾನೂ ಓಗಾಕಿಲ್ಲ. ಆ ಚೀಲ ಕಾಲಿಗೆ ತೊಡರ್ತದೆ, ಎತ್ಕೊಂಡೋಗಿ ನಿನ್ ಕ್ವಾಣೇಗೆ ಮಡಿಕೋ."

ಆ ರಾತ್ರಿಯ ಮಸ್ಸೊಪ್ಪು ಮಹಾ ಸಪ್ಪೆಯಾಗಿತ್ತು. "ಚೆನ್ನಾಗದೆ ಅತ್ತೆ" ಅಂದೆ.

"ಸುಳ್ ಏಳ್ಬ್ಯಾಡ" ಅಂದರು ಅತ್ತೆ. "ಉಣ್ಣು."