ಕಪ್ಪು ಗೋಡೆಯ ಊಟಿ ಬಳ್ಳಿ

ದೊಡ್ಡಪ್ಪನ ಬಲಗೈ ಎಡಗೈಗಿಂತ ಎಷ್ಟೋ ಪಾಲು ಕಪ್ಪಾಗಿತ್ತು. ಸರ್ಕಾರಿ ಬಸ್ಸಿನ ಕಿಟಕಿಯ ಮೇಲೆ ಮೊಣಕೈ ಊರಿಕೊಂಡು, ಮುಳಬಾಗಿಲಿನಿಂದ ಗಡಿಯ ಊರುಗಳಿಗೆಲ್ಲ ಜೀವಮಾನವಿಡೀ ಬಸ್ ಓಡಿಸಿದ ಡ್ರೈವರನ ಕೈ ಅದು. ಬನಿಯನ್ನಿನಲ್ಲಿ ಜಗಲಿಯ ಮೇಲೆ ಕೂತರೆ ಇಬ್ಬರು ಗಂಡಸರ ಕೈಗಳನ್ನು ತಂದು ಒಬ್ಬರಿಗೆ ಜೋಡಿಸಿದ ಹಾಗೆ ಕಾಣುತ್ತಿತ್ತು. ನಿವೃತ್ತಿಯಾದ ಮೇಲೂ ಆ ಬಣ್ಣ ಇಳಿಯಲಿಲ್ಲ. ಊಟ ಮುಗಿಸಿ ಏಳುವಾಗ "ರೈಟ್, ರೈಟ್" ಎನ್ನುವ ಅಭ್ಯಾಸವೂ ಹೋಗಲಿಲ್ಲ. ಅದು ಕಂಡಕ್ಟರ್ ಹೇಳುವ ಮಾತಲ್ಲವೇ ಎಂದು ಕೆಣಕಿದರೆ, "ಇಷ್ಟ್ ವರ್ಷ ಅವ್ನು ಹೇಳ್ದ, ನಾನ್ ಕೇಳ್ದೆ. ಈಗ ನನ್ ಪಾಳಿ ಕಣೇ" ಎನ್ನುತ್ತಿದ್ದರು.

ನನಗೆ ಮುಳಬಾಗಿಲಿನ ಬ್ಯಾಂಕಿಗೆ ವರ್ಗವಾದಾಗ ಬಾಡಿಗೆ ಮನೆ ನೋಡಲು ಅವರು ಬಿಡಲೇ ಇಲ್ಲ. ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ದೊಡ್ಡಪ್ಪ, ದೊಡ್ಡಮ್ಮನಿಗೆ ಮಕ್ಕಳಿಲ್ಲ. ನನ್ನ ಸೂಟ್‌ಕೇಸನ್ನು ಬಸ್ ಸ್ಟ್ಯಾಂಡಿನಿಂದಲೇ ಕಿತ್ತುಕೊಂಡು ನಡೆದರು ದೊಡ್ಡಪ್ಪ. ಹಿಂದೆ ಹೋಗದೆ ನನಗೆ ಬೇರೆ ದಾರಿ ಇರಲಿಲ್ಲ.

ಆ ಹೊತ್ತಿಗಾಗಲೇ ದೊಡ್ಡಮ್ಮನ ಕಣ್ಣು ಮಂಜಾಗತೊಡಗಿತ್ತು. ಅದು ಆಪರೇಷನ್ ಮಾಡಿ ತೆಗೆಯುವಂಥ ಪೊರೆಯಲ್ಲ, ಕಣ್ಣಿನ ಒಳಗಿನ ಪರದೆಯೇ ಸವೆಯುತ್ತಿದೆ ಎಂದು ಡಾಕ್ಟರು ಹೇಳಿದ್ದರು. ನೇರವಾಗಿ ನೋಡಿದ್ದು ಅಳಿಸಿಹೋಗುತ್ತಿತ್ತು. ತಲೆ ವಾರೆ ಮಾಡಿ ಕಣ್ಣಂಚಿನಲ್ಲಿ ನೋಡಿದರೆ ದೊಡ್ಡ ವಸ್ತುಗಳ ಆಕಾರ ಸಿಗುತ್ತಿತ್ತು. ಹೂವೆಂದರೆ ಪ್ರಾಣ ಬಿಡುತ್ತಿದ್ದ ಹೆಂಗಸು. ಮಲ್ಲಿಗೆಯನ್ನು ವಾಸನೆಯಿಂದ ತಿಳಿಯುತ್ತಿದ್ದರು, ಆದರೆ ವಾಸನೆಯಿಲ್ಲದ ಕನಕಾಂಬರ ಅವರ ಪಾಲಿಗೆ ಇಲ್ಲವೇ ಇಲ್ಲ ಎನ್ನುವ ಹಾಗಾಗಿತ್ತು. ಕಟ್ಟಿದ ಮೊಳವನ್ನು ಕೈಯಲ್ಲಿ ಹಿಡಿದುಕೊಂಡು, "ಬಣ್ಣ ಹೆಂಗೈತೆ, ಚೆನ್ನಾಗೈತಾ?" ಎಂದು ನನ್ನನ್ನು ಕೇಳುತ್ತಿದ್ದರು.

ಬೀದಿಯವರೆಲ್ಲ ಸೇರಿ ಊಟಿಗೆ ಹೋದಾಗ, ಯಾವುದೋ ಬಂಗಲೆಯ ಗೇಟಿನ ಮುಂದೆ ದೊಡ್ಡಮ್ಮ ತಟ್ಟನೆ ನಿಂತರು. ಕಪ್ಪು ಕಲ್ಲಿನ ಗೋಡೆಯ ಮೇಲೆ ಒಂದು ಬಳ್ಳಿ, ಅದರ ತುಂಬ ಅಂಗೈ ಅಗಲದ ಬಿಳಿ ಹೂಗಳು. "ಏನ್ರೀ, ಇದು ಕಾಣಿಸ್ತಾ ಐತೆ ನಂಗೆ" ಎಂದರು. ದೊಡ್ಡಪ್ಪ ಬೊಟಾನಿಕಲ್ ಗಾರ್ಡನ್ನನ್ನೂ ನೋಡಲಿಲ್ಲ, ದೋಣಿಯನ್ನೂ ಹತ್ತಲಿಲ್ಲ. ಆ ಬಳ್ಳಿಯ ಹೆಸರು ಕ್ಲೆಮ್ಯಾಟಿಸ್ ಎಂದು ವಿಚಾರಿಸಿ ತಿಳಿದುಕೊಂಡು, ನರ್ಸರಿಯೊಂದನ್ನು ಪತ್ತೆ ಹಚ್ಚಿಕೊಂಡೇ ಬಸ್ ಹತ್ತಿದರು.

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಒಂದು ಗಿಡ ಕೊಂಡು ತಂದು, ಬೇಸಿಗೆಗೆ ಕೊಂದು, ಸುಮ್ಮನಾಗುತ್ತಿದ್ದರು. ಇವರು ಮೊದಲು ಪರೀಕ್ಷೆ ಮಾಡಿದರು. ಅರಿಶಿನ ಕುಂಕುಮಕ್ಕೆ ಹೋದಾಗಲೆಲ್ಲ ಕೊಟ್ಟ ರವಿಕೆ ಕಣಗಳು ನಮ್ಮ ಕಡೆ ಪ್ರತಿ ಮನೆಯ ಬೀರುವಿನಲ್ಲೂ ಅಟ್ಟಿಯಾಗಿ ಬಿದ್ದಿರುತ್ತವೆ. ಅವನ್ನೆಲ್ಲ ಹೊರಗೆ ತೆಗೆದು, ಒಂದೊಂದನ್ನೂ ಅಂಗೈ ಅಗಲಕ್ಕೆ ಮಡಚಿ, ಪೂರ್ವದ ಕಾಂಪೌಂಡ್ ಗೋಡೆಯ ಮುಂದೆ ಹಗ್ಗ ಕಟ್ಟಿ ಕ್ಲಿಪ್ಪು ಹಾಕಿದರು. ದೊಡ್ಡಮ್ಮನನ್ನು ಜಗಲಿಯ ಮೇಲೆ ಕೂರಿಸಿದರು.

"ಇದು?"

"ಏನೂ ಇಲ್ಲ."

"ಇದು?"

"ಏನೋ ಇದ್ದಂಗೈತೆ. ಬಣ್ಣ ತಿಳೀತಿಲ್ಲ."

ಸುಣ್ಣದ ಗೋಡೆಯ ಮುಂದೆ ಯಾವುದೂ ಸರಿಯಾಗಿ ನಿಲ್ಲಲಿಲ್ಲ. ದೊಡ್ಡಪ್ಪ ಯೋಚನೆ ಮಾಡಿ ಹಿಂದೆ ಒಂದು ಕರಿ ಕಂಬಳಿ ಇಳಿಬಿಟ್ಟರು. ಬಿಳಿ ಕಣ ತಕ್ಷಣ ಸಿಕ್ಕಿತು. ತಿಳಿ ಗುಲಾಬಿಯೂ ಸಿಕ್ಕಿತು. ನೇರಳೆ ಕಂಬಳಿಯೊಳಗೇ ಕರಗಿಹೋಯಿತು. ಮಾರನೆಯ ವಾರ ಆ ಗೋಡೆಗೆ ಕಪ್ಪು ಬಣ್ಣ ಬಿತ್ತು. ಮನೆ ಮುಂದೆ ಕಪ್ಪು ಗೋಡೆಯೇ ಎಂದು ಇಡೀ ಬೀದಿ ಬಾಯಿ ಬಾಯಿ ಬಡಿದುಕೊಂಡಿತು. ದೊಡ್ಡಪ್ಪ ಎರಡು ರವಿಕೆ ಕಣಗಳನ್ನು ಜೇಬಿಗಿಟ್ಟುಕೊಂಡು ಮತ್ತೆ ಊಟಿ ಬಸ್ ಹತ್ತಿದರು. ಸೀರೆಗೆ ಮ್ಯಾಚಿಂಗ್ ಹುಡುಕುವ ಹಾಗೆ ನರ್ಸರಿಯಲ್ಲಿ ಬಟ್ಟೆ ಹಿಡಿದು ಹೂವಿನ ತಳಿ ಆರಿಸಿದವರು ಬಹುಶಃ ಅವರೊಬ್ಬರೇ.

ತಂದದ್ದು ಮೂರು ಗಿಡ. ಬಿಳಿಯದು, ತಿಳಿ ಗುಲಾಬಿಯದು, ಜೊತೆಗೆ ಕಡು ನೇರಳೆಯದೊಂದು. "ಇದು ನಂಗೆ. ನಂದೂ ಕಣ್ಣಲ್ವಾ?" ಎಂದರು. ತಳಿಯ ಇಂಗ್ಲಿಷ್ ಹೆಸರುಗಳು ಅವರ ನಾಲಿಗೆಗೆ ಹತ್ತಲಿಲ್ಲ. ಹಾಗಾಗಿ ತಮ್ಮ ರೂಟುಗಳ ಹೆಸರನ್ನೇ ಇಟ್ಟರು. ಬಿಳಿಯದು ನಂಗಲಿ, ಗುಲಾಬಿಯದು ರಾಯಲ್ಪಾಡು, ನೇರಳೆಯದು ಬೈರಕೂರು. ದೊಡ್ಡಮ್ಮ ಮಾತ್ರ ಮೂರನ್ನೂ ಊಟಿ ಬಳ್ಳಿ ಎಂದೇ ಕರೆದರು.

ಕೋಲಾರದ ಬಿಸಿಲಿಗೆ ಇದು ಬರುವುದಿಲ್ಲ ಎಂದು ನರ್ಸರಿಯವರು ಮೊದಲೇ ಹೇಳಿದ್ದರಂತೆ. ತಲೆಗೆ ಬಿಸಿಲು ಬೇಕು, ಬುಡ ತಂಪಾಗಿರಬೇಕು, ಕಾಂಡದ ಎರಡು ಗಿಣ್ಣು ಮಣ್ಣೊಳಗೆ ಹೋಗುವಷ್ಟು ಆಳಕ್ಕೆ ನೆಡಬೇಕು ಎಂದೂ ಹೇಳಿದ್ದರು. ದೊಡ್ಡಪ್ಪನಿಗೆ ಇದು ಚೆನ್ನಾಗಿ ಅರ್ಥವಾಯಿತು. "ಇಂಜಿನ್ ಕಾದ್ರೆ ಮೇಲೆ ನೀರ್ ಚುಮುಕಿಸಿದ್ರೆ ಏನ್ ಬಂತು? ಒಳಗೆ ತಣ್ಣಗಿರ್ಬೇಕು" ಎಂದು ಆಳವಾಗಿ ಗುಂಡಿ ತೋಡಿದರು. ಕೆಮ್ಮಣ್ಣಿಗೆ ಹಳೆಯ ಸಗಣಿ ಗೊಬ್ಬರವನ್ನೂ ಕೊಳೆತ ಎಲೆಯನ್ನೂ ಬೆರೆಸಿದರು. ಬುಡಕ್ಕೆ ರಾಗಿ ಹುಲ್ಲು ಹೊದಿಸಿ ಅದರ ಮೇಲೆ ಒಡೆದ ಹೆಂಚು ಮುಚ್ಚಿದರು. ಟ್ಯಾಂಕಿನ ನೀರು ಕಾದಿರುತ್ತದೆಂದು ಮಡಕೆಯ ನೀರನ್ನೇ ಹಾಕಿದರು. ನಾವು ಕುಡಿಯಲು ಹೋದರೆ ಮಡಕೆ ಖಾಲಿ. ಮಧ್ಯಾಹ್ನದ ಬಿಸಿಲಿಗೆ ಟೊಮೆಟೊ ಬೆಳೆಯುವವರಿಂದ ಹಸಿರು ಬಲೆ ಕೇಳಿ ತಂದು ಕಟ್ಟಿದರು. ಇಷ್ಟೆಲ್ಲ ಆದರೂ ಮೊದಲ ಬೇಸಿಗೆಯಲ್ಲೇ ನೇರಳೆಯದು ಸುಟ್ಟುಹೋಯಿತು. "ಬೈರಕೂರು ಬಸ್ ಕ್ಯಾನ್ಸಲ್" ಎಂದು ಜೋರಾಗಿ ಘೋಷಿಸಿದರು.

ಉಳಿದೆರಡು ಬದುಕಿದವು, ಹೂವನ್ನೂ ಬಿಟ್ಟವು. ಆದರೆ ಹೂವೆಲ್ಲ ನೆತ್ತಿಯಲ್ಲಿ. ಬಳ್ಳಿ ಗೋಡೆ ದಾಟಿ, ಮೇಲಿನ ತಂತಿಯನ್ನೂ ದಾಟಿ, ಬೀದಿಯ ಕಡೆ ಮುಖ ಮಾಡಿ ಅರಳುತ್ತಿತ್ತು. ಹಾಲಿನವನು ನೋಡಿದ, ಸ್ಕೂಲಿನ ಮಕ್ಕಳು ನೋಡಿದರು. ದೊಡ್ಡಮ್ಮನ ಎದುರಿಗೆ ಉಳಿದದ್ದು ಕಪ್ಪು ಗೋಡೆಯ ಮೇಲಿನ ಒಣ ಕಡ್ಡಿಗಳ ಗೋಜಲು. ಜನವರಿಯಲ್ಲಿ ಮೊಣಕಾಲೆತ್ತರಕ್ಕೆ ಕತ್ತರಿಸಿ, ಆಗ ಕೆಳಗಿನಿಂದಲೇ ಹೂ ಬರುತ್ತದೆ ಎಂದು ನರ್ಸರಿಯವರು ಫೋನಿನಲ್ಲಿ ಎಷ್ಟು ಹೇಳಿದರೂ ದೊಡ್ಡಪ್ಪ ಕತ್ತರಿ ಮುಟ್ಟಲಿಲ್ಲ. ಘಾಟಿ ರಸ್ತೆಯಲ್ಲಿ ಹೆದರದ ಮನುಷ್ಯ, ಬದುಕಿರುವ ಬಳ್ಳಿಗೆ ಕತ್ತರಿ ಹಾಕಲಾರದೆ ಬುಡದವರೆಗೆ ಹೋಗಿ ಹಿಂದೆ ಬರುತ್ತಿದ್ದರು. "ಇರೋದೂ ಹೋದ್ರೆ? ಅವಳ ಕಣ್ಣು ನಂಗೋಸ್ಕರ ಕಾಯ್ತದಾ?" ಎನ್ನುತ್ತಿದ್ದರು. ದೊಡ್ಡಮ್ಮನಿಗೆ ಕಾಣುವುದು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿತ್ತು.

ಒಂದು ವರ್ಷ ಸಂಕ್ರಾಂತಿಗೆ ಮನೆಗೆ ಸುಣ್ಣ ಹೊಡೆಯಲು ಒಬ್ಬನನ್ನು ಗೊತ್ತು ಮಾಡಿ, ನಾವು ಮೂವರೂ ಕಣ್ಣಿನ ತಪಾಸಣೆಗೆಂದು ಕೋಲಾರಕ್ಕೆ ಹೋದೆವು. ದೃಷ್ಟಿ ಇನ್ನಷ್ಟು ಇಳಿದಿದೆ ಎಂದು ಕೇಳಿಸಿಕೊಂಡು ಸಂಜೆ ವಾಪಸು ಬಂದರೆ, ಗೇಟಿನಲ್ಲೇ ದೊಡ್ಡಪ್ಪನ ಕಾಲು ನಿಂತುಹೋಯಿತು. ಕಪ್ಪು ಗೋಡೆ ಹಾಲಿನಷ್ಟು ಬೆಳ್ಳಗಾಗಿತ್ತು. ಬಳ್ಳಿ ಇರಲಿಲ್ಲ. ಬುಡದಲ್ಲಿ ಗೇಣುದ್ದದ ಎರಡು ಮೋಟು.

ಸುಣ್ಣದವನು ಹೆಮ್ಮೆಯಿಂದಲೇ ಮುಂದೆ ಬಂದ. "ಹಬ್ಬಕ್ಕೆ ಮನೆ ಮುಂದೆ ಒಣಗಿದ್ ಬಳ್ಳಿ ಇರಬಾರ್ದು ಅಂತ ಕತ್ತರಿಸಿ ಹಾಕ್ದೆ ಸಾರ್. ಕರಿ ಗೋಡೆಗೂ ಎರಡ್ ಕೋಟು ಹೊಡ್ದಿದೀನಿ. ನೀವ್ ಹೇಳಿರ್ಲಿಲ್ಲ, ನಾನೇ ಮಾಡ್ದೆ."

"ಎವರು ಚೆಪ್ಪಿನಾರು ನೀಕು? ಯಾರ್ ಹೇಳಿದ್ರೋ ನಿಂಗೆ?" ತೆಲುಗು ಕನ್ನಡ ಬೆರೆತ ದೊಡ್ಡಪ್ಪನ ಕೂಗಿಗೆ ಪಕ್ಕದ ಮನೆಯವರು ಹೊರಗೆ ಬಂದರು. ಆಮೇಲೆ ಮೆಟ್ಟಿಲ ಮೇಲೆ ಕೂತುಬಿಟ್ಟರು. ಸುಣ್ಣದವನು ಏನು ತಪ್ಪಾಯಿತೆಂದೇ ತಿಳಿಯದೆ ಬ್ರಷ್ ಹಿಡಿದು ನಿಂತಿದ್ದ.

ದೊಡ್ಡಮ್ಮ ನನ್ನ ಭುಜ ಬಿಟ್ಟು, ಗೋಡೆ ತಡವುತ್ತಾ ಹೋಗಿ ಬುಡದಲ್ಲಿ ಕೂತರು. ಮೋಟನ್ನು ಬೆರಳಿನಿಂದ ಸವರಿ, ಉಗುರಿನಿಂದ ಕೆರೆದು, ಮೂಸಿ ನೋಡಿದರು. "ಹಸಿ ಐತೆ ರೀ. ಒಳಗೆ ಹಸಿ ಐತೆ. ಆ ಹುಡ್ಗನ್ನ ಬೈಬೇಡಿ, ಅವ್ನಿಗೊಂದ್ ಲೋಟ ಕಾಫಿ ಕೊಡಿ."

ಸಂಕ್ರಾಂತಿಯ ದಿನ ಎಳ್ಳು ಬೀರಲು ಬಂದ ಹೆಂಗಸರು ಕಂಡದ್ದೇನೆಂದರೆ, ಹೊಸ ಪಂಚೆ ಉಟ್ಟ ದೊಡ್ಡಪ್ಪ ಬಕೆಟ್ ಪಕ್ಕದಲ್ಲಿಟ್ಟುಕೊಂಡು ಬೆಳ್ಳನೆಯ ಗೋಡೆಗೆ ಮತ್ತೆ ಕಪ್ಪು ಬಳಿಯುತ್ತಿದ್ದುದು. "ಹಬ್ಬದ್ ದಿನ ಇದೇನಣ್ಣ?" ಎಂದು ಒಬ್ಬರು ಕೇಳಿಯೇಬಿಟ್ಟರು. "ಬಸ್ ಬರೋದ್ರೊಳಗೆ ರಸ್ತೆ ರೆಡಿ ಇರ್ಬೇಕಲ್ಲಮ್ಮ" ಎಂದರು. ಬಂದೇ ಬರುತ್ತದೆ ಎಂಬ ಧೈರ್ಯವೇನೂ ಅವರಿಗಿರಲಿಲ್ಲ. ಕಪ್ಪು ಮೆತ್ತಿದ ಆ ಕೈಗಳನ್ನು ನೋಡುತ್ತಾ ನಿಂತ ನನಗೆ ಅಳು ಬಂದಿತ್ತು.

ಬಳ್ಳಿ ಚಿಗುರಿತು. ಬರೀ ಮೋಟಿನಿಂದಲ್ಲ, ಮಣ್ಣೊಳಗೆ ಹುದುಗಿದ್ದ ಗಿಣ್ಣುಗಳಿಂದಲೂ ಚಿಗುರಿತು. ಯುಗಾದಿಯ ಹೊತ್ತಿಗೆ ಸೊಂಟದೆತ್ತರದಲ್ಲಿ ಮೊಗ್ಗು ಬಂತು. ಒಂದು ಬೆಳಿಗ್ಗೆ ದೊಡ್ಡಪ್ಪ ಹೂ ಅರಳಿದೆ ಎಂದು ಹೇಳದೆ ದೊಡ್ಡಮ್ಮನ ಕೈ ಹಿಡಿದು ತಂದು ಗೋಡೆಯ ಮುಂದೆ ನಿಲ್ಲಿಸಿದರು. ದೊಡ್ಡಮ್ಮ ತಲೆ ವಾರೆ ಮಾಡಿದರು. ಆಮೇಲೆ ತಡವರಿಸದೆ, ಗೋಡೆ ಮುಟ್ಟದೆ, ನೇರವಾಗಿ ಕೈ ಚಾಚಿ ಬಿಳಿ ಹೂವನ್ನು ಬೊಗಸೆಯಲ್ಲಿ ಹಿಡಿದರು. "ಎಂಟು ಎಸಳು" ಎಂದು ಎಣಿಸಿಯೂ ಹೇಳಿದರು. ದೊಡ್ಡಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಮಗುವಿನ ಹಾಗೆ ಅತ್ತರು.

ಅಲ್ಲಿಂದ ಮುಂದೆ ಪ್ರತಿ ಜನವರಿಯಲ್ಲೂ ಅವರೇ ಕತ್ತರಿಸಿದರು, ಪ್ರತಿ ಸಲವೂ ಬಳ್ಳಿಯ ಕ್ಷಮೆ ಕೇಳಿ. ಬ್ಯಾಂಕಿನ ಕೌಂಟರಿಗೆ ಬರುವ ವಯಸ್ಸಾದವರನ್ನು ಗದರದೆ, ನಿಮಗೆ ಎಷ್ಟು ಕಾಣಿಸುತ್ತದೆ ಎಂದು ನಾನು ಮೊದಲು ಕೇಳುವುದು ಅವರಿಂದ ಬಂದ ಬುದ್ಧಿ. ಕಳೆದ ಶ್ರಾವಣದಲ್ಲಿ ಜ್ವರ ಬಂದು ಮಲಗಿದ ದೊಡ್ಡಪ್ಪ ಮತ್ತೆ ಏಳಲಿಲ್ಲ.

ಈ ಜನವರಿಯಲ್ಲಿ ಕತ್ತರಿ ನನ್ನ ಕೈಗೆ ಬಂತು. ಅವರು ಯಾಕೆ ಹಿಂದೆ ಬರುತ್ತಿದ್ದರೆಂದು ಆಗ ಗೊತ್ತಾಯಿತು. ಆಮೇಲೆ ದಿನವೂ ಬ್ಯಾಂಕಿಗೆ ಹೊರಡುವ ಮುಂಚೆ ಬಳ್ಳಿಯನ್ನು ನೋಡಿ ವರದಿ ಒಪ್ಪಿಸುವುದು ನನ್ನ ಕೆಲಸವಾಯಿತು. ಮೊನ್ನೆಯೂ ನೋಡಿ, "ಇವತ್ತೂ ಹೂ ಇಲ್ಲ ದೊಡ್ಡಮ್ಮ, ಬರೀ ಮೊಗ್ಗು" ಎಂದು ಚಪ್ಪಲಿ ಹಾಕಿಕೊಳ್ಳತೊಡಗಿದೆ.

ಜಗಲಿಯ ಮೇಲೆ ತಲೆ ವಾರೆ ಮಾಡಿ ಕೂತಿದ್ದ ದೊಡ್ಡಮ್ಮ ಕೈ ತೋರಿಸಿದರು. "ಐತೆ ಕಣೇ. ಅಗೋ, ಕೆಳಗೆ, ಎಡಗಡೆ."

ಹೋಗಿ ಎಲೆಗಳ ಕೆಳಗೆ ಬಗ್ಗಿ ನೋಡಿದೆ. ಇತ್ತು. ನನಗೆ ಕಂಡಿರಲಿಲ್ಲ.