ಸಂಖ್ಯಾಶಾಸ್ತ್ರದ ಸರ್ ಹೈದರಾಬಾದಿಗೆ ಹೋದದ್ದು

ಕಳೆದ ತಿಂಗಳು ಅತ್ತೆಯ ಆಸ್ಪತ್ರೆಯ ಕಾಗದಗಳನ್ನು ಹಿಡಿದುಕೊಂಡು ಬೀದರಿನ ಬಸ್ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದೆ. ನನ್ನ ಮುಂದಿದ್ದ ಹುಡುಗಿಯ ಕೈಗೆ ಅಂಗಡಿಯವನು ಇನ್ನೂ ಬಿಸಿಯಿದ್ದ ಹಾಳೆಗಳನ್ನು ಕೊಟ್ಟ. ಮಸಿ ಮತ್ತು ಕಾದ ಕಾಗದ ಬೆರೆತ ಆ ವಾಸನೆ ಮೂಗಿಗೆ ಬಡಿಯಿತು. ಬಗ್ಗಿ ನೋಡಿದರೆ ಹಾಳೆಯ ತುಂಬ ಸಣ್ಣ ಸಣ್ಣ ದಶಮಾಂಶಗಳು. ಸಂಖ್ಯಾಶಾಸ್ತ್ರದ ಲೆಕ್ಕ ಮಾಡುವಾಗ ನೋಡಿಕೊಳ್ಳುವ ಝಡ್ ಟೇಬಲ್.

"ನಾಳೆ ಪೇಪರ್ ಅದ ಏನಮ್ಮ?" ಎಂದೆ.

"ಹೌದ್ರಿ ಆಂಟಿ. ಹೈಪಾಥಿಸಿಸ್ ಟೆಸ್ಟಿಂಗ್ ತಲಿಗೇ ಹತ್ತವಲ್ದು" ಎಂದು ನಕ್ಕು ಹೊರಟುಹೋದಳು. ನನ್ನ ಸರದಿ ಬಂದದ್ದು ನನಗೆ ಗೊತ್ತಾಗಲೇ ಇಲ್ಲ...

ನಮ್ಮ ಸಂಖ್ಯಾಶಾಸ್ತ್ರದ ಸರ್ ಆ ಟೇಬಲ್ ಅನ್ನು ಹೀಗೆಯೇ ಬೀದರಿನಲ್ಲಿ ಜೆರಾಕ್ಸ್ ಮಾಡಿಸಿ, ಹಳೆಯ ಪೇಪರಿನಲ್ಲಿ ಸುತ್ತಿ, ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಭಾಲ್ಕಿಗೆ ತರುತ್ತಿದ್ದರು. ನಾನಾಗ ಭಾಲ್ಕಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಸರ್ ಗೆಸ್ಟ್ ಲೆಕ್ಚರರ್. ಬೀದರಿನದೇ ಬಡಾವಣೆಯಾದ ಮೈಲೂರಿನಲ್ಲಿ ಬಾಡಿಗೆ ಮನೆ, ಜೊತೆಗೆ ವಯಸ್ಸಾದ ತಾಯಿ. ಮದುವೆಯ ಮಾತು ಬಂದಾಗಲೆಲ್ಲ ನೌಕರಿ ಕಾಯಂ ಆಗಲಿ ಎನ್ನುತ್ತಿದ್ದರಂತೆ. ಎಂಥ ಸೆಕೆಯಲ್ಲೂ ತೋಳಿನ ಗುಂಡಿ ಬಿಚ್ಚುತ್ತಿರಲಿಲ್ಲ. ಹಾಗಾಗಿ ಅವರ ಅಂಗಿಯ ತೋಳಿನ ತುದಿಗಳು ಚಾಕ್‌ಪುಡಿ ಮೆತ್ತಿ ಯಾವಾಗಲೂ ಸುಣ್ಣದಲ್ಲಿ ಅದ್ದಿ ತೆಗೆದಂತೆ ಬೆಳ್ಳಗಿರುತ್ತಿದ್ದವು.

ಅವು ಬರದ ವರ್ಷಗಳು. ನೀರಿಲ್ಲವೆಂದು ಹಾಸ್ಟೆಲ್ ಮುಚ್ಚಿತ್ತು. ಔರಾದ್ ಕಡೆಯಿಂದ ಬರುವ ಬಸ್ಸುಗಳ ಮೇಲೆ ಹಾಸಿಗೆ ಸುರುಳಿ, ಕೊಡ, ಕೋಳಿ ಗೂಡು. ಒಳಗೆ ಕೂಲಿಗೆಂದು ಹೈದರಾಬಾದಿಗೆ ಹೊರಟ ಜನ. ನಮ್ಮ ತರಗತಿಯೂ ಹಾಗೆಯೇ ಖಾಲಿಯಾಗುತ್ತ ಬಂತು. ಪರೀಕ್ಷೆಗೆ ಪುನರಾವರ್ತನೆ ಶುರುವಾದಾಗ ಎಲ್ಲರೂ ಮುಂದಿನ ಒಂದೇ ಬೆಂಚಿನಲ್ಲಿ ಹಿಡಿಸುತ್ತಿದ್ದೆವು. ನನ್ನ ಪಕ್ಕ ಕೂರುತ್ತಿದ್ದ ಗೆಳತಿ ಔರಾದ್ ತಾಲೂಕಿನ ಹಳ್ಳಿಯವಳು. ಹಾಸ್ಟೆಲ್ ಮುಚ್ಚಿದ ಮೇಲೆ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ನಮ್ಮೆಲ್ಲರಿಗಿಂತ ಚುರುಕು.

ಕಾನ್ಫಿಡೆನ್ಸ್ ಇಂಟರ್ವಲ್ ನನಗೆ ಎಷ್ಟು ಸಲ ಓದಿದರೂ ತಪ್ಪುತ್ತಿತ್ತು. ಸರಾಸರಿ ಈ ಎರಡು ಅಂಕಿಗಳ ನಡುವೆ ಇರುವ ಸಂಭವ ತೊಂಬತ್ತೈದು ಪ್ರತಿಶತ ಎಂದು ಬರೆದಿದ್ದೆ. ಸರ್ ತಲೆ ಅಲ್ಲಾಡಿಸಿದರು.

"ಹಂಗಲ್ಲಮ್ಮ. ಕತ್ತಲಿ ಕೋಣ್ಯಾಗ ಒಂದು ಕೋಳಿ ಕುಂತದ ತಿಳ್ಕೋ. ಅದು ಕದಲಂಗಿಲ್ಲ. ನಾವು ಹೊರಗಿಂದ ಬುಟ್ಟಿ ಒಗಿತೇವಿ. ನೂರು ಸಲ ಒಗದ್ರ ತೊಂಬತ್ತೈದು ಸಲ ಕೋಳಿ ಬುಟ್ಟಿ ಕೆಳಗ ಸಿಗ್ತದ. ನಮ್ಮ ಭರವಸಿ ಒಗಿಯೋ ಕೈ ಮ್ಯಾಲ."

"ಈ ಸಲ ಸಿಕ್ಕದೋ ಇಲ್ಲೋ ಹ್ಯಾಂಗ್ ತಿಳೀತದ್ರಿ?" ಗೆಳತಿ ಕೇಳಿದಳು.

"ತಿಳಿಯಂಗಿಲ್ಲ. ಬುಟ್ಟಿ ಎತ್ತಿ ನೋಡ್ಲಿಕ್ಕೆ ಬರಂಗಿಲ್ಲ."

ನಾವು ನಕ್ಕೆವು. ಹೈಪಾಥಿಸಿಸ್‌ಗೆ ಬಂದಾಗ ಸರ್ ತೊಗರಿ ಚೀಲಗಳ ಉದಾಹರಣೆ ತಂದರು. ಒಂದೊಂದು ಚೀಲ ಐವತ್ತು ಕಿಲೋ ಎಂದು ಮಿಲ್ಲಿನವನು ಹೇಳುತ್ತಾನೆ. ನಾವು ಕೆಲವನ್ನು ತೂಗುತ್ತೇವೆ. ತೂಕ ಸ್ವಲ್ಪವೇ ಕಡಿಮೆ ಬಂದರೆ ಅವನನ್ನು ಸುಳ್ಳುಗಾರ ಎನ್ನಲಾಗದು. "ಆದ್ರ ಆಂವ ಖರೇ ಹೇಳ್ಯಾನ ಅಂತ ಬರೀಬ್ಯಾಡ್ರಿ. ಸುಳ್ಳ ಅನ್ಲಿಕ್ಕೆ ಪುರಾವಿ ಸಾಲಲಿಲ್ಲ, ಅಷ್ಟ ಬರೀರಿ. ಅಲ್ಲೇ ಮಾರ್ಕ್ಸ್ ಹೋಗ್ತಾವ."

ಮರುವಾರ ಗೆಳತಿ ಬರಲಿಲ್ಲ. ಅವರ ಮನೆಯವರೆಲ್ಲ ಹೈದರಾಬಾದಿಗೆ ಹೋದರೆಂದು ಬಸ್ಸಿನ ಕಂಡಕ್ಟರ್ ಹೇಳಿದ. ಅದೇ ದಿನಗಳಲ್ಲಿ ಆಫೀಸಿನಿಂದ ಸರ್‌ಗೆ ಒಂದು ಮಾತು ಬಂದಿತ್ತು. ಪರೀಕ್ಷೆಗೆ ಕೂರುವವರು ಇನ್ನೂ ಕಡಿಮೆಯಾದರೆ ಮುಂದಿನ ವರ್ಷ ಈ ವಿಷಯವೇ ಇರುವುದಿಲ್ಲ. ಸರ್ ನಮ್ಮ ಮನೆಗೆ ಬಂದು ಅಪ್ಪನ ಮುಂದೆ ಕುಳಿತು, ಆ ಹುಡುಗಿಯನ್ನು ಕರೆತರಲು ನನ್ನನ್ನೂ ತಮ್ಮ ಜೊತೆ ಕಳಿಸಬೇಕೆಂದು ಕೇಳಿದರು. ಗಂಡಸು ಒಬ್ಬನೇ ಹೋಗಿ ಕರೆದರೆ ಯಾವ ತಂದೆ ಕಳಿಸಿಕೊಟ್ಟಾನು? ಅವ್ವ, ಪರೀಕ್ಷೆ ಮುಗಿಯೋತನಕ ಆಕಿ ನಮ್ಮಲ್ಲೇ ಇರಲಿ, ಇನ್ನೊಂದು ಕೊಡ ನೀರು ಹ್ಯಾಂಗಾದರೂ ಆದೀತು ಎಂದಳು.

ಬಸ್ಸು ಜಹೀರಾಬಾದ್ ದಾಟಿದ ಮೇಲೆ ಸರ್, "ಆಕಿ ಸಲುವಾಗಿ ಅಷ್ಟ ಹೊಂಟೀನಿ ಅಂತ ತಿಳ್ಕೋಬ್ಯಾಡಮ್ಮ. ನನ್ನ ಸಲುವಾಗಿನೂ ಅದ" ಎಂದರು. ನಾನು ಕಿಟಕಿಯ ಹೊರಗೆ ನೋಡಿದೆ.

ಕಂಡಕ್ಟರ್ ಹೇಳಿದ್ದ ಗುರುತು ಹಿಡಿದು ಹೋದರೆ, ಹೈದರಾಬಾದಿನ ಹೊರಗೆ ಏಳುತ್ತಿದ್ದ ದೊಡ್ಡ ಕಟ್ಟಡಗಳ ಹಿಂದೆ ತಗಡಿನ ಶೆಡ್ಡುಗಳ ಸಾಲು. ಗೆಳತಿ ಇಟ್ಟಿಗೆ ಹೊರುತ್ತಿದ್ದಳು. ನಮ್ಮನ್ನು ಕಂಡು ಮೊದಲು ಓಢಣಿಯಲ್ಲಿ ಕೈ ಮುಚ್ಚಿಕೊಂಡಳು. ಅವಳ ತಂದೆ ಮೇಸ್ತ್ರಿಯನ್ನು ಕೇಳಿಕೊಂಡು ಕೆಳಗಿಳಿದು ಬಂದರು.

"ನೀವು ಇಷ್ಟು ದೂರ ಬಂದೀರಿ ಸರ, ಕುಂಡ್ರಸ್ಲಿಕ್ಕೆ ಒಂದು ಕುರ್ಚಿನೂ ಇಲ್ಲ."

ಸರ್ ವಿಷಯ ಹೇಳಿದರು. ಅವರು ಸಿಟ್ಟಾಗಲಿಲ್ಲ. ನಿಧಾನವಾಗಿ ಕೇಳಿದರು: "ಪರೀಕ್ಷಾ ಬರದು ಏನ್ ಮಾಡ್ತಾಳ್ರಿ? ತಪ್ಪು ತಿಳ್ಕೋಬ್ಯಾಡ್ರಿ. ನೀವು ಇಷ್ಟು ಓದೀರಿ. ನಿಮಗೇನ್ ಸಿಕ್ಕದ?"

ಸರ್ ತಲೆ ತಗ್ಗಿಸಿ ಪಾದದ ಹತ್ತಿರವಿದ್ದ ಜಲ್ಲಿಯನ್ನು ನೋಡುತ್ತ ನಿಂತರು. ಅದನ್ನು ನೋಡಲಾಗದೆಯೋ ಏನೋ, ಶೆಡ್ಡಿನ ಬಾಗಿಲಲ್ಲಿದ್ದ ಗೆಳತಿಯ ತಾಯಿ, "ಕರಕೊಂಡು ಹೋಗ್ರಿ ಸರ. ಬರದು ಬರಲಿ. ಅಷ್ಟು ದಿನ ಆಕಿ ಕೆಲಸ ನಾ ಮಾಡ್ತೇನಿ" ಎಂದರು.

ಹೀಗೆ ಅವಳು ನಮ್ಮ ಮನೆಗೆ ಬಂದಳು. ಸರ್ ದಿನವೂ ಕಾಲೇಜಿಗೆ ಬಂದರು. ಭಾನುವಾರವೂ ಬಂದರು. ಕಾಲೇಜಿನ ಬೇವಿನ ಮರದ ಕೆಳಗೆ ಕೂರಿಸಿ ಒಂದೇ ಲೆಕ್ಕವನ್ನು ತಿರುಗಿಸಿ ಮುರುಗಿಸಿ ಮಾಡಿಸಿದರು. ಅವಳ ಬೆರಳುಗಳ ತುದಿಗಳು ಸಿಮೆಂಟಿಗೆ ಒಡೆದಿದ್ದವು. ಪೆನ್ನು ಹಿಡಿದರೆ ಉರಿಯುತ್ತದೆಂದು ಅವ್ವ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ಆ ದಿನಗಳಲ್ಲಿ ಸರ್ ಖುಷಿಯಾಗಿದ್ದರು ಅನ್ನಿಸುತ್ತದೆ. ಅಥವಾ ನಾನು ಹಾಗೆ ನೆನಪಿಟ್ಟುಕೊಂಡಿದ್ದೇನೆಯೋ...

ಪರೀಕ್ಷೆಯ ದಿನ ಅವರಿಗೆ ಒಳಗೆ ಡ್ಯೂಟಿ ಇರಲಿಲ್ಲ. ಗೇಟಿನ ಹೊರಗೆ ಬಿಸಿಲಲ್ಲೇ ನಿಂತಿದ್ದರು. ಹೊರಬಂದ ಗೆಳತಿಯನ್ನು ಕೇಳಿದ್ದು ಒಂದೇ: "ಖರೇ ಅಂತ ಬರೀಲಿಲ್ಲ ಅಲ್ಲ?"

"ಇಲ್ರಿ ಸರ್. ಪುರಾವಿ ಸಾಲಲಿಲ್ಲ ಅಂತ ಬರದೀನಿ" ಎಂದಳು. ಸಂಜೆಯ ಬಸ್ಸಿಗೆ ಅವಳು ಹೈದರಾಬಾದಿಗೆ ಹೋದಳು.

ಅವಳು ಫಸ್ಟ್ ಕ್ಲಾಸ್. ನಾನೂ ಪಾಸಾದೆ. ಮಳೆ ಆ ವರ್ಷವೂ ಆಗಲಿಲ್ಲ. ಹೊಸ ವರ್ಷಕ್ಕೆ ಸಂಖ್ಯಾಶಾಸ್ತ್ರಕ್ಕೆ ಯಾರೂ ಹೆಸರು ಕೊಡಲಿಲ್ಲವಾಗಿ, ವಿಷಯವನ್ನೇ ತೆಗೆದರು. ಸರ್ ಬೀದರಿನ ಟ್ಯೂಷನ್ ಕ್ಲಾಸುಗಳ ಬಾಗಿಲಿಗೆಲ್ಲ ಹೋಗಿ ಬಂದರಂತೆ. ಅಲ್ಲೂ ಮಕ್ಕಳಿರಲಿಲ್ಲ. ಅಪ್ಪ ಒಮ್ಮೆ ಅವರನ್ನು ಸ್ಟೇಷನ್ನಿನಲ್ಲಿ ಕಂಡದ್ದಾಗಿಯೂ, ಅವರು ಮುಖ ತಿರುಗಿಸಿಕೊಂಡು ಹೋದದ್ದಾಗಿಯೂ ಹೇಳಿದ. ಆಮೇಲೆ ನನಗೆ ಮದುವೆಯಾಯಿತು, ಬೀದರಿಗೆ ಬಂದೆ. ಮೈಲೂರು ಇಲ್ಲಿಂದ ಎಷ್ಟು ದೂರ? ಆದರೂ ಹೋಗಲಿಲ್ಲ. ಸಂಸಾರ, ಮಕ್ಕಳು... ದಿನ ಹೋದವು.

ಮುಂದಿನದನ್ನೆಲ್ಲ ನನಗೆ ಹೇಳಿದವಳು ಗೆಳತಿ. ಎಷ್ಟೋ ವರ್ಷಗಳ ಮೇಲೆ ಯಾರಿಂದಲೋ ನಂಬರು ಸಿಕ್ಕಿ ಫೋನ್ ಮಾಡಿದ್ದಳು. ಅವಳು ಮುಂದೆ ಓದಲಿಲ್ಲ. ಹೈದರಾಬಾದಿನ ಬಟ್ಟೆಯ ಅಂಗಡಿಯೊಂದರಲ್ಲಿ ಸೀರೆ ತೋರಿಸುವ ಕೆಲಸ. ಸರ್ ವಿಷಯ ಕೇಳಿದೆ.

"ನಿಂಗ ಗೊತ್ತಿಲ್ಲೇನು? ನಮ್ಮಪ್ಪನ ಹತ್ರ ಬಂದಿದ್ರು. ಅದೇ ಸೈಟಿಗೆ. ಏನಾರ ಕೆಲಸ ಇದ್ರ ಹೇಳ್ರಿ ಅಂತ. ಅಪ್ಪ ಮೇಸ್ತ್ರಿ ಕಾಲು ಹಿಡದು ವಾಚ್‌ಮನ್ ಕೆಲಸ ಕೊಡಸ್ದ. ತಾಯೀನ ಮೈಲೂರಾಗೇ ಬಿಟ್ಟು ಒಬ್ರೇ ಬಂದು, ನಮ್ಮ ಬಾಜು ಶೆಡ್ಡಿನ್ಯಾಗೇ ಇದ್ರು."

"ನಿನ್ನ ಜೋಡಿ ಮಾತಾಡ್ತಿದ್ರೇನು?"

"ಊಟ ಆಯ್ತೇನಮ್ಮ ಅಂತಿದ್ರು, ಅಷ್ಟ. ಒಂದಿನ ನಾನೇ, ಸರ್, ಎಮ್ಮೆಸ್ಸಿ ಪರೀಕ್ಷಾ ಹೊರಗಿಂದ ಕಟ್ಟಬೇಕಂತ ಮಾಡೀನಿ, ಜರಾ ಹೇಳಿಕೊಡ್ರಿ ಅಂದೆ. ಎಲ್ಲಾ ಮರ್ತು ಹೋಗ್ಯಾದಮ್ಮ ಅಂದ್ರು."

ಅದರ ಮರು ಬೇಸಿಗೆಯಲ್ಲಿ ಬಿಸಿಲು ಬಡಿದು ಸರ್ ತೀರಿಕೊಂಡರು. ಅವಳ ತಂದೆಯೇ ಟೆಂಪೋ ಮಾಡಿ ಹೆಣವನ್ನು ಮೈಲೂರಿಗೆ ತಂದರಂತೆ. ನಾನು ಅದೇ ಊರಿನಲ್ಲಿದ್ದೆ. ಯಾರೂ ಹೇಳಲಿಲ್ಲ, ಹೇಳಲು ಯಾರಿಗೆ ಏನು ಗೊತ್ತಿತ್ತು?

ಜೆರಾಕ್ಸ್ ಅಂಗಡಿಯಿಂದ ಮನೆಗೆ ಹೋಗಬೇಕಾದವಳು ಅಂದು ಆಟೋದವನಿಗೆ ಮೈಲೂರು ಎಂದೆ. ಗಲ್ಲಿ ಹುಡುಕುವುದರಲ್ಲಿ ಬಿಸಿಲು ಏರಿತು. ಸರ್ ಇದ್ದ ಮನೆಯಲ್ಲಿ ಈಗ ಬೇರೆಯವರಿದ್ದರು. ಪಕ್ಕದ ಮನೆಯ ಹೆಂಗಸು ಹೊರಗೆ ಬಂದು, ಸರ್ ಅವರ ತಾಯಿಯೂ ತೀರಿಹೋಗಿ ಬಹಳ ದಿನವಾಯಿತೆಂದರು.

"ನೀವು ಅವರಿಗೆ ಏನಾಗಬೇಕ್ರಿ?"

"ನಮ್ಮ ಸರ್ ಇದ್ರು. ಕಾಲೇಜಿನ್ಯಾಗ ನಮಗ ಕಲಸ್ತಿದ್ರು" ಎಂದೆ.

ಆಕೆ ಹುಬ್ಬು ಗಂಟಿಕ್ಕಿದರು. "ಯಾರು, ಆ ಮುದುಕಿ ಮಗಾ? ಇಲ್ಲ ಬಿಡ್ರಿ, ನೀವು ಬ್ಯಾರೆ ಯಾರದೋ ಮನಿ ಹುಡುಕ್ಲಿಕತ್ತೀರಿ. ನಾವು ಇಲ್ಲಿಗೆ ಬಂದಾಗ ಆಂವ ಹೈದರಾಬಾದಿನ್ಯಾಗ ವಾಚ್‌ಮನ್ ಇದ್ದ."

"ಹೌದ್ರಿ, ಅವರೇ" ಎಂದೆ.

ಆಕೆ ನನ್ನನ್ನೂ ಆ ಮನೆಯನ್ನೂ ಒಮ್ಮೆ ನೋಡಿ, ನಂಬದೆಯೇ ಒಳಗೆ ಹೋದರು.